ಏಣಿಯ ಹಗ್ಗ

ಮಾಲ್ದಾರೆಯ ನಮ್ಮ ಪುಟ್ಟ ಚರ್ಚಿನ ಗಂಟೆಗೆ ಈಗ ಕಟ್ಟಿರುವುದು
ಮೆಣಸು ಕೊಯ್ಯುವ ಏಣಿಯ ಹಗ್ಗ.
ಇನ್ನಾಸಪ್ಪನದು.
ನೈಲಾನು, ನೀಲಿ ಬಣ್ಣ, ಕುಶಾಲನಗರದ ಸಂತೆಯಲ್ಲಿ
ಅಂಗಡಿಯವನ ಅಳತೆ ನಂಬದೆ
ತಾನೇ ಮಾರು ಹಾಕಿ ತಂದದ್ದು.

ಏಣಿ ಎಂದರೆ ಒಂಟಿ ಬಿದಿರು,
ಗೆಣ್ಣಿಗೊಂದು ಗೇಣುದ್ದದ ಕವಲು, ಕಾಲಿಡಲು.
ಸಿಲ್ವರ್ ಓಕಿಗೆ ಒರಗಿಸಿ, ಹಗ್ಗ ಬಿಗಿದು,
ಎದೆಗೆ ಶಿಲುಬೆ ಗುರುತು ಹಾಕಿಕೊಂಡು ಹತ್ತುತ್ತಿದ್ದ.
ಮೂವತ್ತು ವರ್ಷ ಹಾಗೇ ಹತ್ತಿದ, ಹಾಗೇ ಇಳಿದ.
ಆ ಮಂಗಳವಾರವೂ ಗುರುತು ಹಾಕಿದ್ದನಂತೆ,
ಕೆಳಗೆ ಚೀಲ ಹಿಡಿದಿದ್ದ ಸೌರಮ್ಮ ನೋಡಿದ್ದಾಳೆ.
ಹಗ್ಗ ಜಾರಲಿಲ್ಲ. ಗಂಟು ಬಿಚ್ಚಲಿಲ್ಲ.
ಬಿದಿರು ಮುರಿಯಿತು.

ಬಂದವರು ದೇವರ ಚಿತ್ತ ಅಂದರು,
ಟೀ ಕುಡಿದು ಲೋಟ ತೊಳೆದಿಟ್ಟು ಹೋದರು.
ಮೂರನೆಯ ದಿನ
ನಾನೂ ಏಳಲಿಲ್ಲ.

ಗಂಟೆಯ ಹಳೇ ಹಗ್ಗ ಇಲಿ ಕಡಿದಿದೆ,
ಮನೆಯಲ್ಲಿ ಏನಾದರೂ ಇದೆಯೇನಮ್ಮ ಎಂದರು ಸ್ವಾಮಿಗಳು.
ಮಡಂತ್ಯಾರಿನ ಕಡೆಯವರು, ಹೊಸಬರು, ಪಾಪ, ಗೊತ್ತಿರಲಿಲ್ಲ.
ಮೂಲೆಯಿಂದ ತೆಗೆದು ಅಂಗಳಕ್ಕೆ ಎಸೆದೆ.
ಕೊಟ್ಟದ್ದಲ್ಲ, ಎಸೆದದ್ದು.
ಕಾಣಿಕೆ ಪುಸ್ತಕದಲ್ಲಿ ಬರೆಯಬೇಡಿ ಅಂತಲೂ ಹೇಳಿದೆ.

ಆಮೇಲೆ ಗಂಟೆ ಹೊಡೆಯುವ ಚೌರಪ್ಪಜ್ಜ ಕಾಲು ಊದಿ ಮಲಗಿದ.
ಕೆಲಸ ನನಗೆ ಬಂತು, ತಿಂಗಳಿಗೆ ಎಂಟುನೂರು.
ಬೇಡ ಅನ್ನುವಷ್ಟು ಅನುಕೂಲಸ್ಥಳಲ್ಲ.

ಐದೂವರೆಗೆ ಲೈನ್ ಮನೆಯಿಂದ ಹೊರಟರೆ
ರೋಬಸ್ಟಾ ಗಿಡಗಳ ನಡುವೆ ಮೊದಲು ಮೂಗು ಹೋಗುತ್ತದೆ,
ಅದರ ಹಿಂದೆ ನಾನು.
ಆನೆಯ ವಾಸನೆ ಬಂದರೆ ನಿಂತು
ನಮೋ ಮರಿಯ ಅನ್ನುತ್ತಿದ್ದೆ, ಮುಂಚೆ.
ಈಗ ಬರೀ ನಿಲ್ಲುತ್ತೇನೆ.
ಆನೆ ಎರಡಕ್ಕೂ ಒಂದೇ ಥರ ಹೊರಟುಹೋಗುತ್ತದೆ.

ನಿನ್ನ ಹತ್ತಿರ ಮಾತು ಬಿಟ್ಟಿದ್ದೇನೆ, ತಂದೆಯೇ.
ಇದು ಮಾತಲ್ಲ, ಲೆಕ್ಕ ಒಪ್ಪಿಸುವುದು.
ಎಲ್ಲರ ಜೊತೆ ಜಪ ಹೇಳುತ್ತ ಹೇಳುತ್ತ
ಚಿತ್ತ ಎಂಬ ಪದ ಹತ್ತಿರ ಬಂದಾಗ
ನನಗೆ ಕೆಮ್ಮು ಬರುತ್ತದೆ.
ಕೈಗೆ ಆ ರೋಗವಿಲ್ಲ. ಕೈ ಹಗ್ಗ ಹಿಡಿಯುತ್ತದೆ.

ಪವಿತ್ರ ಗುರುವಾರದ ರಾತ್ರಿ
ಇನ್ನು ಶನಿವಾರದವರೆಗೆ ಗಂಟೆ ಇಲ್ಲ, ಮರದ ಗಿಲಕಿ ಮಾತ್ರ,
ಎಂದರು ಸ್ವಾಮಿಗಳು.
ಹಗ್ಗ ಸುತ್ತಿ ಮೊಳೆಗೆ ಸಿಕ್ಕಿಸಿದೆ.
ಹುಟ್ಟಿದಾಗಿನಿಂದ ನೋಡಿದ್ದೇ,
ಈ ಸಲ ಕಣ್ಣಿಗೆ ಬಿತ್ತು:
ಚರ್ಚಿಗೇ ಬಾಯಿ ಕಟ್ಟುವ ದಿನಗಳಿವೆ,
ಅದನ್ನು ಕ್ಯಾಲೆಂಡರಿನಲ್ಲೇ ಅಚ್ಚು ಹಾಕಿದ್ದಾರೆ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ.
ಯಾಕೆ ಕೈಬಿಟ್ಟೆ ಅಂತ ನಿನ್ನ ಮಗನೇ ಕೇಳಿದ,
ಅಷ್ಟು ಜನರೆದುರು, ಕೂಗಿ.
ಅವನಿಗೂ ನೀನು ಉತ್ತರ ಕೊಡಲಿಲ್ಲ.
ಎಲ್ಲರೂ ಮನೆಗೆ ಹೋದ ಮೇಲೂ
ಅವನ ಕಾಲ ಬಳಿ ಕೂತಿದ್ದೆ.
ಒಂದೇ ಮನೆಯ ಯಜಮಾನನ ಮೇಲೆ
ಮುನಿಸಿಕೊಂಡ ಇಬ್ಬರು ಜಗಲಿಯಲ್ಲಿ ಕೂತ ಹಾಗೆ.
ಮಾತಾಡಲಿಲ್ಲ. ಎದ್ದು ಹೋಗಲೂ ಇಲ್ಲ.

ಹೂಮಳೆ ಆ ವಾರವೂ ಬರಲಿಲ್ಲ.
ಎಸ್ಟೇಟಿನವರು ಸ್ಪ್ರಿಂಕ್ಲರ್ ತಿರುಗಿಸಿದರು.
ಕಾಫಿ ಗಿಡಕ್ಕೆ ಅದೂ ಮಳೆಯೇ,
ಒಂಬತ್ತನೆಯ ದಿನ ಗುಡ್ಡವೆಲ್ಲ ಬಿಳಿ.

ಅದಕ್ಕೂ ಮುಂಚೆ, ಶನಿವಾರ ನಡುರಾತ್ರಿ,
ಮೊಳೆಯಿಂದ ಹಗ್ಗ ಬಿಡಿಸಿ ಎಳೆದೆ.
ಗಂಟೆ ಹಿಂದಕ್ಕೆ ವಾಲುವಾಗ ಹಗ್ಗವೂ ಎಳೆಯುತ್ತದೆ,
ಹಿಮ್ಮಡಿ ಒಂದಿಷ್ಟು ನೆಲ ಬಿಡುತ್ತದೆ.
ಮೇಲ್ತುದಿಯಲ್ಲಿ ಇನ್ನಾಸಪ್ಪ ಹಾಕಿದ ಗಂಟು ಇದೆ,
ಬಿಚ್ಚಲು ಯಾರಿಗೂ ಆಗದೆ ಹಾಗೇ ಕಟ್ಟಿದ್ದಾರೆ.
ಅಂಗೈ ಮೂಸಿದೆ. ಮೆಣಸು.

ನಂಬಿಕೆ ಎಂದರೆ ಇದೇನಾ, ನನಗೆ ತಿಳಿಯದು.
ತಿಳಿದವರು ಹೇಳಲಿ.
ಬೆಳಿಗ್ಗೆ ಆರಕ್ಕೆ ಮತ್ತೆ ಹೊಡೆಯಬೇಕು.
ಟಾರ್ಚಿಗೆ ಎರಡು ಶೆಲ್ಲು ತರಬೇಕು.